ನಾನಿಯ ಮೇಲ್ದವಡೆಯ ಮೂಳೆ ಎಲ್ಲಿ ಹೋಯಿತು?

ನಮ್ಮ ನಾನಿಗೆ ಮೇಲಿನ ಹಲ್ಲು ಒಂದೂ ಇಲ್ಲ. ಹಲ್ಲಿನ ಸೆಟ್ ಇದೆ, ಆದರೆ ನಿಲ್ಲುವುದಿಲ್ಲ. ಕಳೆದ ಈದ್ ದಿನ ನೆಂಟರ ಮುಂದೆ ನಗುವಾಗ ಜಾರಿ ಬಿತ್ತು. ಅಂದಿನಿಂದ ಅವರು ಮದುವೆ ಮನೆಗೂ ಹೋಗುತ್ತಿಲ್ಲ. ಅಕ್ಕಿ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ತಿನ್ನುತ್ತಾರೆ. ಇಂಪ್ಲಾಂಟ್ ಹಾಕಿಸೋಣವೆಂದು ಮೂಡಿಗೆರೆಯಿಂದ ಚಾರ್ಮಾಡಿ ಘಾಟಿ ಇಳಿದು ಮಂಗಳೂರಿಗೆ ಕರೆದೊಯ್ದೆವು. ವೈದ್ಯರು ಸ್ಕ್ಯಾನ್ ನೋಡಿ, "ಸ್ಕ್ರೂ ಕೂರಿಸಲು ಮೂಳೆಯೇ ಇಲ್ಲವಲ್ಲ ಅಮ್ಮ" ಎಂದರು.

ತಲೆಬುರುಡೆಯಲ್ಲಿ 8 ಕಪಾಲದ ಮೂಳೆ, 14 ಮುಖದ ಮೂಳೆ ಎಂದು ಪ್ರಥಮ ಪಿಯುಸಿಯಲ್ಲಿ ಬಾಯಿಪಾಠ ಮಾಡಿದ್ದೆ. ಮೂಳೆ ಕರಗುತ್ತದೆ ಎಂಬುದು ಮಾತ್ರ ತಲೆಗೆ ಹೋಗಿರಲಿಲ್ಲ. ಮೂಳೆ ಜೀವಂತ ಅಂಗಾಂಶ. ಆಸ್ಟಿಯೋಕ್ಲಾಸ್ಟ್ ಕೋಶಗಳು ಅದನ್ನು ಕರಗಿಸುತ್ತವೆ, ಆಸ್ಟಿಯೋಬ್ಲಾಸ್ಟ್‌ಗಳು ಕಟ್ಟುತ್ತವೆ. ಹಲ್ಲಿನ ಬೇರಿನ ಮೂಲಕ ಬರುವ ಅಗಿಯುವ ಒತ್ತಡ ನಿಂತರೆ ಕರಗುವುದೇ ಹೆಚ್ಚಾಗುತ್ತದೆ. ಮೇಲ್ದವಡೆಗೆ ಇನ್ನೊಂದು ತೊಂದರೆ ಇದೆ. ದವಡೆ ಹಲ್ಲುಗಳ ಮೇಲೆ ಸೈನಸ್ ಎಂಬ ಗಾಳಿಯ ಕೋಣೆಯಿದ್ದು, ಹಲ್ಲು ಹೋದ ಮೇಲೆ ಅದು ಕೆಳಕ್ಕೆ ಹಿಗ್ಗುತ್ತದೆ. ಹೀಗೆ ಮೂಳೆ ಎರಡೂ ಕಡೆಯಿಂದ ತೆಳುವಾಗುತ್ತದೆ. ಸಾಮಾನ್ಯ ಇಂಪ್ಲಾಂಟ್ ಸುಮಾರು 10 ಮಿ.ಮೀ. ಉದ್ದ. ನಾನಿಗೆ ಉಳಿದಿದ್ದದ್ದು ಕೆಲವು ಕಡೆ 2 ಮಿ.ಮೀ.

ಟೈಟಾನಿಯಂ ಮೂಳೆಯೊಂದಿಗೆ ಬೆಸೆದುಕೊಳ್ಳುತ್ತದೆ ಎಂಬುದನ್ನು 1950ರ ದಶಕದಲ್ಲಿ ಮೊಲಗಳ ಮೇಲಿನ ಪ್ರಯೋಗದಲ್ಲಿ ಗಮನಿಸಿದವರು ಸ್ವೀಡನ್ನಿನ ಬ್ರೋನೆಮಾರ್ಕ್. ಅವರು ಮನುಷ್ಯನಿಗೆ ಮೊದಲು ಇಂಪ್ಲಾಂಟ್ ಹಾಕಿದ್ದು 1965ರಲ್ಲಿ. ಆದರೆ ಬೆಸೆಯಲು ಮೂಳೆ ಇರಬೇಕಲ್ಲ? ಅದಕ್ಕೇ ಸೈನಸ್ ಲಿಫ್ಟ್. ಬಾಯಿಯ ಒಳಗಿನಿಂದ ಸೈನಸ್‌ನ ಪಕ್ಕದ ಗೋಡೆಯಲ್ಲಿ ಪುಟ್ಟ ಕಿಟಕಿ ತೆರೆದು, ಒಂದು ಮಿ.ಮೀ.ಗಿಂತಲೂ ತೆಳ್ಳಗಿರುವ ಒಳಪೊರೆಯನ್ನು ಹರಿಯದಂತೆ ಮೇಲೆತ್ತಿ, ಅದರಡಿ ಮೂಳೆಯ ಹರಳುಗಳನ್ನು ತುಂಬುತ್ತಾರೆ. ಮುಂಭಾಗದಲ್ಲಿ ಅಗಲವೂ ಸಾಲದಿದ್ದರೆ ಸೊಂಟದ ಮೂಳೆಯ ತುಂಡು ತೆಗೆದು ಸಣ್ಣ ಸ್ಕ್ರೂಗಳಿಂದ ಕೂರಿಸುವುದೂ ಉಂಟು. ಅದು ಗಟ್ಟಿಯಾಗಲು ತಿಂಗಳುಗಟ್ಟಲೆ ಬೇಕು. ಆಮೇಲೆ ಇಂಪ್ಲಾಂಟ್, ಮತ್ತೆ ಕಾಯುವುದು. ಎಲ್ಲ ಸೇರಿ ಒಂದು ವರ್ಷವೇ ಹಿಡಿಯಬಹುದು. ಕೆನ್ನೆಯ ಮೂಳೆಗೇ ಉದ್ದನೆಯ ಇಂಪ್ಲಾಂಟ್ ಕೂರಿಸುವ ದಾರಿಯೂ ಇದೆ. ಅದು 30 ಮಿ.ಮೀ.ಗಿಂತ ಉದ್ದ, ಕಣ್ಣಿನ ಗೂಡಿನ ಹತ್ತಿರದ ಕೆಲಸ. ನನಗಂತೂ ಕೇಳಿಯೇ ಭಯವಾಯಿತು.

ನಾನಿ ಕೇಳಿದ್ದು ಒಂದೇ ಪ್ರಶ್ನೆ: "ಆ ಹರಳು ಯಾವುದರ ಮೂಳೆ, ಡಾಕ್ಟರೇ?" ಮಾಮು ಮುಜುಗರಪಟ್ಟರು, ವೈದ್ಯರು ಪಡಲಿಲ್ಲ. ನಮ್ಮದೇ ಮೂಳೆ, ದಾನಿಗಳ ಮೂಳೆ, ದನದ ಮೂಳೆಯಿಂದ ಮಾಡಿದ್ದು, ಹಂದಿಯಿಂದ ಮಾಡಿದ್ದು, ಕ್ಯಾಲ್ಸಿಯಂ ಫಾಸ್ಫೇಟಿನ ಕೃತಕ ಹರಳು, ಇಷ್ಟೂ ಇವೆ ಎಂದರು. ಮೇಲೆ ಹೊದಿಸುವ ಕೊಲಾಜನ್ ಪೊರೆಯ ಮೂಲವನ್ನೂ ಕೇಳಬೇಕು ಎಂದು ಅವರೇ ನೆನಪಿಸಿದರು. ನಾನಿ ಕೃತಕ ಹರಳಿಗೆ ಒಪ್ಪಿದರು.

ಆದರೆ ಸಕ್ಕರೆ ಕಾಯಿಲೆ ಹತೋಟಿಗೆ ಬಾರದೆ ಚಾಕು ಮುಟ್ಟುವುದಿಲ್ಲ ಎಂದಿದ್ದಾರೆ. ಗಾಯ ಮಾಯುವುದು ನಿಧಾನ, ಸೋಂಕಿನ ಭಯವೂ ಇದೆ. ಸದ್ಯಕ್ಕೆ ಹಳೆಯ ಸೆಟ್ಟಿಗೆ ಹೊಸ ಒಳಪದರ ಹಾಕಿಸಿದ್ದೇವೆ. ಕಾಫಿ ಕೊಯ್ಲು ಮುಗಿದ ಮೇಲೆ ಮತ್ತೆ ಘಾಟಿ ಇಳಿಯಬೇಕು.