ಚೈನು ಎಳೆದು ಕಲಿತದ್ದು

ಸರ್ವೇಯರ್ ಕೆಲಸಕ್ಕೆ ಸೇರಿದ ದಿನ ನನ್ನ ಕೈಗೆ ಬಂದದ್ದು ಕಬ್ಬಿಣದ ಚೈನು. 33 ಅಡಿ ಉದ್ದ, ಅದರಲ್ಲಿ ‘ಆಣೆ’ ಎನ್ನುವ ಹದಿನಾರು ಭಾಗ. ಉದ್ದಕ್ಕೊಂದು ಚೈನು, ಅಗಲಕ್ಕೊಂದು ಚೈನು ಎಳೆದರೆ ಒಂದು ಗುಂಟೆ. ಅಂಥ ನಲವತ್ತು ಸೇರಿದರೆ ಎಕರೆ. ಸೇವೆಯ ಕೊನೆಯ ವರ್ಷಗಳನ್ನು ನಿಯೋಜನೆಯ ಮೇಲೆ ಒಂದು ಯೋಜನಾ ಪ್ರಾಧಿಕಾರದಲ್ಲಿ, ಬಡಾವಣೆ ನಕ್ಷೆಗಳನ್ನು ಪರಿಶೀಲಿಸುತ್ತ ಕಳೆದೆ. ಈ ಕೆಲಸಕ್ಕೆ ಹೊಸದಾಗಿ ಬರುವ ಮಕ್ಕಳಿಗೂ ಸೈಟು ಹುಡುಕುತ್ತಿರುವವರಿಗೂ ಇದನ್ನು ಬರೆದಿಡುತ್ತಿದ್ದೇನೆ.

1. ಪಹಣಿಗೂ ಮೊದಲು ಗ್ರಾಮನಕ್ಷೆ ಬಿಡಿಸಿ

ಜಮೀನು ಯಾರದೆಂದು ಪಹಣಿ ಹೇಳುತ್ತದೆ. ಅದರ ಮೇಲೆ ಏನು ಹರಿಯುತ್ತಿತ್ತು, ಯಾರು ನಡೆಯುತ್ತಿದ್ದರು ಎಂಬುದು ಗೊತ್ತಾಗುವುದು ಗ್ರಾಮನಕ್ಷೆಯಲ್ಲಿ, ಹಳೆಯ ಸರ್ವೆ ಟಿಪ್ಪಣಿಯಲ್ಲಿ. ಬಂಡಿದಾರಿ, ಹಳ್ಳ, ಕಾಲುವೆ, ಸ್ಮಶಾನ ಎಲ್ಲವೂ ಪಹಣಿಗೆ ಬರುವ ಹೊತ್ತಿಗೆ ‘ಖರಾಬು’ ಎಂಬ ಒಂದೇ ಕಲಮಿನಲ್ಲಿ ಕರಗಿಹೋಗಿರುತ್ತವೆ. ಖರಾಬಿನಲ್ಲಿ ಎರಡು ಬಗೆ. ಬಂಡೆಯೋ ಕೊರಕಲೋ ಇದ್ದು ಸಾಗುವಳಿಗೆ ಬಾರದ್ದು ‘ಅ’ ಖರಾಬು, ಅದು ಹಿಡುವಳಿದಾರನ ಜಮೀನಿನ ಭಾಗ. ದಾರಿ, ಹಳ್ಳ, ಕೆರೆ, ಸ್ಮಶಾನದಂಥ ಊರ ಬಳಕೆಯದು ‘ಬ’ ಖರಾಬು, ಅದು ಎಲ್ಲರದು. ನಡುವೆ ಇರುವುದು ಒಂದು ಅಕ್ಷರದ ಅಂತರ, ಸಾರ್ವಜನಿಕ ಆಸ್ತಿ ಹೆಚ್ಚಾಗಿ ಕಳೆದುಹೋಗುವುದೂ ಅಲ್ಲೇ.

ಒಮ್ಮೆ ಒಂದು ಅರ್ಜಿಯಲ್ಲಿ ‘ಏಳು ಗುಂಟೆ ಖರಾಬು’ ಎಂದಷ್ಟೇ ಇತ್ತು. ಅ ಎಂದೂ ಇಲ್ಲ, ಬ ಎಂದೂ ಇಲ್ಲ. ಟಿಪ್ಪಣಿ ತೆಗೆಸಿದೆ. ಹೊಲದ ನಡುವೆ ಹಾವಿನಂತೆ ಒಂದು ಹಳ್ಳ ಹಾದುಹೋಗಿತ್ತು. ಸ್ಥಳಕ್ಕೆ ಹೋದರೆ ಹಳ್ಳದ ಸುಳಿವಿಲ್ಲ. ಕೆಮ್ಮಣ್ಣು ತುಂಬಿ, ರೋಲರ್ ಹೊಡೆದು, ಸುಣ್ಣದ ಗೆರೆಯಲ್ಲಿ ಸೈಟುಗಳನ್ನೂ ಗುರುತಿಸಿಬಿಟ್ಟಿದ್ದರು. ಪಕ್ಕದಲ್ಲಿ ಮೇಕೆ ಮೇಯಿಸುತ್ತಿದ್ದ ಅಜ್ಜಿಯನ್ನು ಕೇಳಿದೆ. “ಮಳೆ ಬಂದ್ಮೇಲೆ ಬನ್ನಿ ಸ್ವಾಮಿ, ನೀರೇ ತೋರ್ಸ್ತದೆ” ಅಂದರು. ಎರಡು ವಾರ ಬಿಟ್ಟು, ರಾತ್ರಿಯಿಡೀ ಮಳೆ ಸುರಿದ ಮರುದಿನ ಬೆಳಿಗ್ಗೆ ಹೋದೆ. ಹೊಸ ಮಣ್ಣು ಕುಸಿದಿತ್ತು. ಟಿಪ್ಪಣಿಯಲ್ಲಿದ್ದ ಅದೇ ತಿರುವು, ಅದೇ ಬಾಗು, ಅಲ್ಲೆಲ್ಲ ಮೊಣಕಾಲುದ್ದ ಕೆಂಪು ನೀರು. ಹಳ್ಳವನ್ನು ಮತ್ತೆ ನಕ್ಷೆಗೆ ತಂದೆವು. ಒಂಬತ್ತು ಸೈಟುಗಳು ಬಿದ್ದುಹೋದವು. ಅವುಗಳಿಗೆ ಯಾರೂ ಇನ್ನೂ ಮುಂಗಡ ಕೊಟ್ಟಿರಲಿಲ್ಲ ಎಂಬುದು ಇವತ್ತಿಗೂ ನನಗೆ ಸಮಾಧಾನ.

2. ಶೇಕಡಾವಾರು ಸರಿಯಿದ್ದ ಮಾತ್ರಕ್ಕೆ ಉದ್ಯಾನ ಆಗುವುದಿಲ್ಲ

ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ 1976ರ ಕಾಯ್ದೆಯ ಪ್ರಕಾರ ಪ್ರಾಧಿಕಾರ ಮಾಡುವ ಬಡಾವಣೆಯಲ್ಲಿ ಶೇ. 15ಕ್ಕೆ ಕಡಿಮೆಯಿಲ್ಲದಷ್ಟು ಜಾಗ ಉದ್ಯಾನ ಮತ್ತು ಆಟದ ಮೈದಾನಕ್ಕೆ, ಇನ್ನೂ ಶೇ. 10 ನಾಗರಿಕ ಸೌಲಭ್ಯಕ್ಕೆ ಮೀಸಲಿರಬೇಕು. ಖಾಸಗಿ ಬಡಾವಣೆಗಳಿಗೂ ಇಂಥದೇ ಲೆಕ್ಕಗಳಿವೆ. ಆದರೆ ಲೆಕ್ಕ ಜಾಗದ ಆಕಾರ ಕೇಳುವುದಿಲ್ಲ.

ಇದು ನನ್ನದೇ ತಪ್ಪು, ಹೇಳಲೇಬೇಕು. ಒಂದು ನಕ್ಷೆಯಲ್ಲಿ ಉದ್ಯಾನದ ಜಾಗ ಚದರ ಮೀಟರಿಗೆ ಚದರ ಮೀಟರು ಸರಿಹೊಂದಿತ್ತು. ಮೇಜಿನ ಮುಂದೆ ಕೂತೇ ಸಹಿ ಹಾಕಿದೆ. ಮೂರು ವರ್ಷದ ನಂತರ ಅದೇ ಬಡಾವಣೆಗೆ ಬೇರೆ ಕೆಲಸಕ್ಕೆ ಹೋದಾಗ ಮಕ್ಕಳು ರಸ್ತೆಯಲ್ಲಿ ಕ್ರಿಕೆಟ್ ಆಡುತ್ತಿದ್ದರು. ಉದ್ಯಾನ ಎಲ್ಲಿ ಅಂತ ಹುಡುಕಿದೆ. ಮೂಲೆಯಲ್ಲಿ ಒಂದು ತ್ರಿಕೋನ, ಹೈಟೆನ್ಷನ್ ತಂತಿಯ ಕೆಳಗೊಂದು ಉದ್ದನೆ ಪಟ್ಟಿ, ಚರಂಡಿ ಪಕ್ಕದ ಇಳಿಜಾರು. ಮಾರಲು ಬಾರದ ತುಂಡುಗಳನ್ನೆಲ್ಲ ಕೂಡಿಸಿ ಉದ್ಯಾನ ಎಂದು ಬರೆದಿದ್ದರು, ನಾನು ಒಪ್ಪಿದ್ದೆ. ಬ್ಯಾಟು ಹಿಡಿದ ಹುಡುಗನೊಬ್ಬ ನನ್ನ ಜೀಪು ಹೋಗಲಿ ಎಂದು ಬದಿಗೆ ಸರಿದು ನಿಂತ. ಅವನ ಮುಖ ನೆನಪಿದೆ.

ಆಮೇಲೆ ನಕ್ಷೆ ಬಂದಾಗಲೆಲ್ಲ ಉದ್ಯಾನದ ಒಟ್ಟು ಅಳತೆ ನೋಡುವ ಮೊದಲು ಅದರ ಅತ್ಯಂತ ಕಿರಿದಾದ ಅಗಲ ಎಷ್ಟೆಂದು ನೋಡುತ್ತಿದ್ದೆ. ಮಕ್ಕಳು ಓಡಲಾಗದ, ವಯಸ್ಸಾದವರು ಒಂದು ಸುತ್ತು ಹಾಕಲಾಗದ ಜಾಗವಿದ್ದರೆ ನಕ್ಷೆ ವಾಪಸ್.

3. ಪರಿತ್ಯಾಜನಾ ಪತ್ರ ನೋಂದಣಿಯಾಗದೆ ಸೈಟು ಬಿಡುಗಡೆ ಮಾಡಬೇಡಿ

ರಸ್ತೆ, ಉದ್ಯಾನ ಸ್ಥಳೀಯ ಸಂಸ್ಥೆಯ ಹೆಸರಿಗೆ ಬರುವುದು ಈ ಪತ್ರದಿಂದ. ನಕ್ಷೆಯಲ್ಲಿ ಹಸಿರು ಬಳಿದರೆ ಸಾಲದು. ಪಹಣಿ ಹಳೆಯ ಮಾಲೀಕರ ಹೆಸರಲ್ಲೇ ಉಳಿದರೆ ಇಪ್ಪತ್ತು ವರ್ಷದ ಮೇಲೆ ಮೊಮ್ಮಕ್ಕಳು ಪಾಲು ಕೇಳಿಕೊಂಡು ಬರುತ್ತಾರೆ, ಕೊಳ್ಳುವವರೂ ಸಿಗುತ್ತಾರೆ.

4. ಒತ್ತುವರಿ ತೆರವು ದೊಡ್ಡ ಕಾಂಪೌಂಡಿನಿಂದ ಶುರುವಾಗಲಿ

ನೂರು ದನಕ್ಕೆ ಮೂವತ್ತು ಎಕರೆ ಗೋಮಾಳ ಎಂಬುದು ಭೂಕಂದಾಯ ನಿಯಮದ ಲೆಕ್ಕ. ದನ ಕಡಿಮೆಯಾದಂತೆ ಗೋಮಾಳ ‘ಹೆಚ್ಚುವರಿ’ಯಾಗುತ್ತದೆ, ನಗರ ಹತ್ತಿರ ಬಂದಂತೆ ಎಲ್ಲರ ಕಣ್ಣೂ ಅದರ ಮೇಲೆ ಬೀಳುತ್ತದೆ. ಬಡವರ ಸೂರಿಗೆ ಸರ್ಕಾರಿ ಜಾಗ ಕೊಡುವುದನ್ನು ನಾನು ಮನಸಾರೆ ಒಪ್ಪುತ್ತೇನೆ. ಭೂಕಂದಾಯ ಕಾಯ್ದೆಯ 94ಸಿ ಅಡಿ ಗುಡಿಸಲಿಗೆ ಹಕ್ಕುಪತ್ರ ಸಿಕ್ಕಿದಾಗ ಅದನ್ನು ಕಣ್ಣಿಗೊತ್ತಿಕೊಂಡವರನ್ನು ಕಂಡಿದ್ದೇನೆ. ಎಕರೆಗಟ್ಟಲೆ ಬೇಲಿ ಹಾಕಿಕೊಂಡವರ ವಿಷಯ ಬೇರೆ. ಎ.ಟಿ. ರಾಮಸ್ವಾಮಿ ಅಧ್ಯಕ್ಷತೆಯ ಸದನ ಸಮಿತಿ, ಆಮೇಲೆ ವಿ. ಬಾಲಸುಬ್ರಮಣಿಯನ್ ನೇತೃತ್ವದ ಕಾರ್ಯಪಡೆ, ಬೆಂಗಳೂರಿನ ಸುತ್ತ ಇಂಥವರ ಕಥೆಯನ್ನು ದಾಖಲೆ ಸಮೇತ ಮುಂದಿಟ್ಟವು. 2011ರ ಭೂಕಬಳಿಕೆ ನಿಷೇಧ ಕಾಯ್ದೆ ಬಂತು, ಅದರಡಿ ವಿಶೇಷ ನ್ಯಾಯಾಲಯವೂ ಬಂತು. ಆದರೂ ಜೆಸಿಬಿ ಮೊದಲು ಹೋಗುವುದು ಶೀಟಿನ ಮನೆಯ ಮುಂದೆ. ಕಾಂಪೌಂಡಿನವರ ಕೈಯಲ್ಲಿ ಅಷ್ಟು ಹೊತ್ತಿಗೆ ತಡೆಯಾಜ್ಞೆ ಇರುತ್ತದೆ. ತೆರವಿನ ಪಟ್ಟಿಯನ್ನು ವಿಸ್ತೀರ್ಣದ ಇಳಿಕೆ ಕ್ರಮದಲ್ಲಿ ಬರೆಯಿರಿ. ನಿಮ್ಮ ಕೈಯಲ್ಲಿರುವುದು ಅಷ್ಟೇ ಆದರೂ ಅದು ಸಣ್ಣದಲ್ಲ.

5. ಒಂದು ಸರ್ವೆ ನಂಬರ್ ಕೈಬಿಟ್ಟರೆ ಇಡೀ ನಕ್ಷೆ ಮತ್ತೆ ಬರೆಯಬೇಕು

ಬೆಂಗಳೂರಿನ ಅರ್ಕಾವತಿ ಬಡಾವಣೆಗೆ 2003ರಲ್ಲಿ 16 ಹಳ್ಳಿಗಳ 3,339 ಎಕರೆಗೆ ಭೂಸ್ವಾಧೀನದ ಪ್ರಾಥಮಿಕ ಅಧಿಸೂಚನೆ ಬಂತು. 2004ರ ಅಂತಿಮ ಅಧಿಸೂಚನೆಗೆ ಬರುವಾಗ ಉಳಿದದ್ದು 2,750 ಎಕರೆ. ಆಮೇಲಿನ ವ್ಯಾಜ್ಯ, ಡಿನೋಟಿಫಿಕೇಷನ್ ಗದ್ದಲ ಎಲ್ಲರಿಗೂ ಗೊತ್ತು. ನಕ್ಷೆ ನೋಡುವವನ ಸಂಕಟ ಬೇರೆಯದು: ನಡುವಿನ ಎರಡು ಎಕರೆ ಬಿಟ್ಟರೆ ರಸ್ತೆ ಅಲ್ಲಿಗೇ ನಿಲ್ಲುತ್ತದೆ, ಒಳಚರಂಡಿಯ ಇಳಿಜಾರು ತಪ್ಪುತ್ತದೆ, ಮೀಸಲಿಟ್ಟ ಉದ್ಯಾನ ಕೊಚ್ಚಿಹೋಗುತ್ತದೆ. ಸೈಟಿಗೆ ಹಣ ಕಟ್ಟಿದವನು ಹಂಚಿಕೆ ಪತ್ರ ಹಿಡಿದು ಕಾಯುತ್ತಲೇ ಇರುತ್ತಾನೆ.

6. ಕೇಳುವ ಜನರನ್ನು ದೂರ ತಳ್ಳಬೇಡಿ

ಬೆಂಗಳೂರಿನ ಸದಾಶಿವನಗರದಲ್ಲಿ ಉದ್ಯಾನಕ್ಕೆಂದು ಬಿಟ್ಟಿದ್ದ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಹಂಚಿದಾಗ ಅಲ್ಲಿನ ನಿವಾಸಿಗಳು ಕೋರ್ಟಿಗೆ ಹೋದರು. ಬಿ.ಎಸ್. ಮುದ್ದಪ್ಪ ಪ್ರಕರಣವೆಂದೇ ಹೆಸರಾದ ಅದರಲ್ಲಿ 1991ರಲ್ಲಿ ಸುಪ್ರೀಂ ಕೋರ್ಟ್ ಆ ಹಂಚಿಕೆ ಸಲ್ಲದೆಂದಿತು; ಉದ್ಯಾನಕ್ಕಾಗಿ ನಿವಾಸಿಗಳು ದಾವೆ ಹೂಡಬಹುದೆಂದೂ ಒಪ್ಪಿತು. ಖಾಸಗಿ ಜಮೀನಿಗೆ ಪಕ್ಕದವನ ಕಾವಲಾದರೂ ಇರುತ್ತದೆ. ಊರ ಜಮೀನಿಗೆ ಇಂಥವರನ್ನು ಬಿಟ್ಟರೆ ಕಾವಲಿಲ್ಲ. ಕಚೇರಿಗೆ ಆಕ್ಷೇಪಣೆ ತಂದವರನ್ನು ಕೂರಿಸಿ ಸರ್ವೆ ನಂಬರ್, ಚಕ್ಕುಬಂದಿ ಬರೆಸಿಕೊಳ್ಳಿ. ‘ಅನ್ಯಾಯವಾಗುತ್ತಿದೆ’ ಎಂಬ ಅರ್ಜಿ ಕಡತದಲ್ಲೇ ಮಲಗುತ್ತದೆ. ಸರ್ವೆ ನಂಬರ್ ಇರುವ ಅರ್ಜಿಗೆ ಉತ್ತರ ಕೊಡಲೇಬೇಕಾಗುತ್ತದೆ.

7. ವರ್ಷಕ್ಕೊಮ್ಮೆ ಕಲ್ಲಿನಿಂದ ಕಲ್ಲಿಗೆ ನಡೆಯಿರಿ

ಈಗ ದಿಶಾಂಕ್ ಆ್ಯಪ್ ಇದೆ, ನಿಂತ ಜಾಗದ ಸರ್ವೆ ನಂಬರ್ ಮೊಬೈಲಿನಲ್ಲೇ ಕಾಣುತ್ತದೆ. ಬಳಸಿ. ಆದರೆ ಗಡಿಕಲ್ಲು ಅಲುಗಾಡಿದೆಯೇ ಎಂದು ತಿಳಿಯಲು ಅದರ ಮೇಲೆ ಕೈಯಿಡಬೇಕು. ನಾನು ಜೇಬಿನಲ್ಲೊಂದು ಸಣ್ಣ ಪುಸ್ತಕ ಇಟ್ಟುಕೊಂಡಿದ್ದೆ: ಸರ್ವೆ ನಂಬರ್, ಇರಬೇಕಾದ ಕಲ್ಲು, ಇರುವ ಕಲ್ಲು, ನೋಡಿದ ದಿನ. ಮೇಕೆ ಅಜ್ಜಿ ತೋರಿಸಿದ ಹಳ್ಳದ್ದೂ ಅದರಲ್ಲಿದೆ. ಇರಬೇಕಾದದ್ದು ಹದಿನಾಲ್ಕು. ನಿವೃತ್ತಿಯ ಹಿಂದಿನ ವಾರ ಎಣಿಸಿದಾಗ ಹದಿಮೂರು ಇತ್ತು. ಹದಿನಾಲ್ಕನೆಯದನ್ನು ಅದರ ಗುಂಡಿಯಲ್ಲೇ ಮತ್ತೆ ನೆಡಿಸಿ, ಬಿಳಿ ಬಣ್ಣ ಹೊಡೆಸಿ, ಪುಸ್ತಕವನ್ನು ನನ್ನ ಜಾಗಕ್ಕೆ ಬಂದ ಹುಡುಗಿಯ ಕೈಗೆ ಕೊಟ್ಟು ಬಂದೆ.