ನೂರಕ್ಕೆ ನೂರು ಬ್ಲಾಕ್, ಆದರೆ ಹಳೆಯದು: ಮುಂದೇನು?

ಹೃದಯಾಘಾತವಾದ ಅಪ್ಪನಿಗೆ ತುರ್ತಾಗಿ ಸ್ಟೆಂಟ್ ಹಾಕಿದ್ದಾಗಿದೆ. ಸದ್ಯ ಗಂಡಾಂತರ ಕಳೆಯಿತಲ್ಲ ಎಂದು ಮನೆಯವರು ಉಸಿರು ಬಿಡುವಷ್ಟರಲ್ಲಿ ಡಾಕ್ಟರು ಕರೆದು ಹೇಳುತ್ತಾರೆ: ‘ಬಲಗಡೆಯ ರಕ್ತನಾಳ ನೂರಕ್ಕೆ ನೂರು ಬ್ಲಾಕ್ ಆಗಿದೆ. ಅದು ಹಳೆಯದು.’ ನೂರಕ್ಕೆ ನೂರು ಎಂಬುದು ಕಿವಿಗೆ ಬಿದ್ದ ಮೇಲೆ ‘ಹಳೆಯದು’ ಎಂಬ ಮಾತು ಯಾರಿಗೂ ಕೇಳಿಸುವುದಿಲ್ಲ. ‘ಹಾಗಾದ್ರೆ ಅದನ್ನೂ ಈಗಲೇ ತೆಗೆದುಬಿಡಿ ಸಾರ್’ ಎನ್ನುತ್ತಾರೆ. ಮುಂದಿನ ತೀರ್ಮಾನವೆಲ್ಲ ನಿಂತಿರುವುದು ಕೇಳಿಸದೇ ಹೋದ ಆ ಮಾತಿನ ಮೇಲೆ.

ಮೂರು ತಿಂಗಳು ಅಥವಾ ಅದಕ್ಕೂ ಹಿಂದಿನಿಂದ ಪೂರ್ತಿ ಮುಚ್ಚಿಹೋಗಿರುವ ರಕ್ತನಾಳವನ್ನು ವೈದ್ಯರು ಸಿಟಿಒ ಎನ್ನುತ್ತಾರೆ. ಹೃದಯಾಘಾತವಾಗಿ ಬಂದವರಲ್ಲಿ ಸುಮಾರು ಹತ್ತಕ್ಕೊಬ್ಬರಲ್ಲಿ ಇಂಥದೊಂದು ಬ್ಲಾಕ್ ಸಿಗುತ್ತದೆ. ಇಷ್ಟು ದಿನ ಆ ಭಾಗದ ಹೃದಯ ಬದುಕಿದ್ದು ಹೇಗೆ? ಹೂಳು ತುಂಬಿದ ಕಾಲುವೆಯ ಗದ್ದೆಗೆ ಪಕ್ಕದ ಗದ್ದೆಯಿಂದ ನೀರು ಬಸಿದು ಬರುವಂತೆ, ಅಕ್ಕಪಕ್ಕದ ರಕ್ತನಾಳಗಳಿಂದ ಸಣ್ಣ ಕವಲುಗಳು ಬೆಳೆದು ಅಲ್ಲಿಗೆ ರಕ್ತ ಕೊಡುತ್ತಿರುತ್ತವೆ. ಅಪಾಯವೂ ಅಲ್ಲೇ ಇದೆ. ನೀರು ಕೊಡುತ್ತಿದ್ದ ಕಾಲುವೆಯೇ ಒಂದು ದಿನ ಕಟ್ಟಿಕೊಂಡರೆ ಎರಡೂ ಗದ್ದೆ ಒಣಗುತ್ತವೆ. ಹಳೆಯ ಬ್ಲಾಕ್ ಇದ್ದವರಿಗೆ ಹೃದಯಾಘಾತ ಹೆಚ್ಚು ಜೋರಾಗಿ ಬಡಿಯುವುದು ಇದೇ ಕಾರಣಕ್ಕೆ.

ಮೊದಲ ಹೆಜ್ಜೆ: ಇವತ್ತಿನ ತಪ್ಪಿತಸ್ಥ ಯಾರು?

ತುರ್ತಾಗಿ ತೆರೆಯಬೇಕಾದದ್ದು ಈಗ ಹೆಪ್ಪುಗಟ್ಟಿದ ರಕ್ತನಾಳವನ್ನು. ಇಸಿಜಿ ಮತ್ತು ಆಂಜಿಯೋಗ್ರಾಂ ಎರಡನ್ನೂ ನೋಡಿ ವೈದ್ಯರು ಅದನ್ನು ಗುರುತಿಸುತ್ತಾರೆ. ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲಿ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ಉಚಿತವಾಗಿ ಕೊಡುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದು ಕರಗಿಸುವುದೂ ಈ ಹೊಸ ಹೆಪ್ಪನ್ನೇ. ವರ್ಷಗಟ್ಟಲೆ ಗಟ್ಟಿಯಾಗಿ, ಸುಣ್ಣದಂತೆ ಕಲ್ಲುಗಟ್ಟಿದ ಹಳೆಯ ಬ್ಲಾಕ್‌ನ ಮೇಲೆ ಅದರ ಆಟ ನಡೆಯದು. ಬಿಪಿ ಕುಸಿದು ರೋಗಿ ಶಾಕ್‌ನಲ್ಲಿದ್ದರಂತೂ ಮೊದಲು ತಪ್ಪಿತಸ್ಥ ನಾಳವೊಂದನ್ನೇ ತೆರೆದು ನಿಲ್ಲಿಸುವುದು ಕ್ಷೇಮವೆಂದು 2017ರಲ್ಲಿ ಪ್ರಕಟವಾದ ಕಲ್ಪ್ರಿಟ್-ಶಾಕ್ ಅಧ್ಯಯನ ತೋರಿಸಿತು.

ಎರಡನೆಯದು: ಅವಸರ ಬೇಡ

ಹಳೆಯ ಬ್ಲಾಕನ್ನೂ ಒಂದು ವಾರದೊಳಗೆ ತೆಗೆದರೆ ಹೃದಯ ಬೇಗ ಚೇತರಿಸಿಕೊಳ್ಳಬಹುದಲ್ಲವೇ? ಇದನ್ನೇ ಎಕ್ಸ್‌ಪ್ಲೋರ್ ಎಂಬ ಅಧ್ಯಯನ 304 ರೋಗಿಗಳಲ್ಲಿ ಪರೀಕ್ಷಿಸಿ 2016ರಲ್ಲಿ ಫಲಿತಾಂಶ ಕೊಟ್ಟಿತು. ನಾಲ್ಕು ತಿಂಗಳ ನಂತರ ನೋಡಿದರೆ, ಬ್ಲಾಕ್ ತೆಗೆಸಿಕೊಂಡವರ ಹೃದಯದ ಪಂಪಿಂಗ್ ಸರಾಸರಿ ಶೇಕಡಾ 44.1, ತೆಗೆಸದವರದು 44.8. ಅಂದರೆ ವ್ಯತ್ಯಾಸವಿಲ್ಲ. ಹೃದಯದ ಮುಂಭಾಗಕ್ಕೆ ರಕ್ತ ಕೊಡುವ ಎಲ್‌ಎಡಿ ಎಂಬ ದೊಡ್ಡ ನಾಳ ಮುಚ್ಚಿದ್ದವರಲ್ಲಿ ಮಾತ್ರ ಲಾಭದ ಸುಳಿವಿತ್ತು. ಆದರೆ ಅದು ಚಿಕ್ಕ ಗುಂಪಿನ ಲೆಕ್ಕ.

ಇಲ್ಲೊಂದು ಗೊಂದಲ ಬಿಡಿಸಿಕೊಳ್ಳಬೇಕು. ಪೂರ್ತಿ ಮುಚ್ಚದೆ, ಶೇಕಡಾ 70ಕ್ಕೂ ಹೆಚ್ಚು ಕಿರಿದಾಗಿರುವ ಬೇರೆ ನಾಳಗಳ ಕಥೆಯೇ ಬೇರೆ. ಅವಕ್ಕೂ ಕೆಲವು ವಾರಗಳೊಳಗೆ ಸ್ಟೆಂಟ್ ಹಾಕಿದರೆ ಮರುಆಘಾತ ಕಡಿಮೆಯಾಗುತ್ತದೆಂದು 4,041 ರೋಗಿಗಳ ಕಂಪ್ಲೀಟ್ ಅಧ್ಯಯನ 2019ರಲ್ಲಿ ತೋರಿಸಿದೆ. ಆದ್ದರಿಂದ ‘ಇನ್ನೊಂದು ಬ್ಲಾಕ್ ಇದೆ’ ಎಂದಾಗ ಕೇಳಬೇಕಾದ ಪ್ರಶ್ನೆ ಒಂದೇ: ಕಿರಿದಾಗಿದೆಯೋ, ಪೂರ್ತಿ ಮುಚ್ಚಿದೆಯೋ?

ಮೂರನೆಯದು: ತೆರೆದರೆ ಲಾಭವಿದೆಯೇ?

ಮನೆಗೆ ಬಂದು ಕೆಲವು ವಾರ ಕಳೆದ ಮೇಲೆ ಮತ್ತೆ ಡಾಕ್ಟರ ಬಳಿ ಹೋಗುವಾಗ ರೋಗಿಯೇ ತನ್ನನ್ನು ಕೇಳಿಕೊಳ್ಳಬೇಕು: ಮೆಟ್ಟಿಲು ಹತ್ತಿದರೆ ಎದೆ ಹಿಡಿದಂತಾಗುತ್ತದೆಯೇ? ಮೊದಲು ನಡೆಯುತ್ತಿದ್ದಷ್ಟು ದೂರ ಈಗ ಏದುಸಿರಿಲ್ಲದೆ ಹೋಗಬಲ್ಲೆನೇ? ಎಷ್ಟು ಬಾರಿ ನಾಲಿಗೆಯಡಿ ಮಾತ್ರೆ ಇಟ್ಟುಕೊಳ್ಳಬೇಕಾಯಿತು? ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡರೆ ಒಳ್ಳೆಯದು. ನಮ್ಮ ಕಡೆಯ ಹಿರಿಯರು ಎದೆನೋವನ್ನು ‘ಗ್ಯಾಸು’ ಎಂದು ತಳ್ಳಿಹಾಕುತ್ತಾರೆ. ಜೊತೆಗೆ ಹೋಗುವ ಮಗಳೋ ಸೊಸೆಯೋ ನಿಜ ಹೇಳಬೇಕಾಗುತ್ತದೆ.

ಈ ಪ್ರಶ್ನೆಗಳು ಯಾಕೆ ಮುಖ್ಯವೆಂದರೆ, ಹಳೆಯ ಬ್ಲಾಕ್ ತೆಗೆಯುವುದರಿಂದ ಖಚಿತವಾಗಿ ಕಂಡಿರುವ ಲಾಭ ಎದೆನೋವು ಕಡಿಮೆಯಾಗಿ ಬದುಕು ಹಗುರಾಗುವುದು. 2018ರ ಯುರೋ-ಸಿಟಿಒ ಅಧ್ಯಯನ ಹೇಳಿದ್ದೂ ಅದನ್ನೇ. ಆಯಸ್ಸು ಹೆಚ್ಚುತ್ತದೆ ಎಂದು ಯಾರಾದರೂ ಭರವಸೆ ಕೊಟ್ಟರೆ ಅದಕ್ಕೆ ಗಟ್ಟಿ ಆಧಾರವಿಲ್ಲ.

ಎಕೋ ಪರೀಕ್ಷೆಯಲ್ಲಿ ಮುಚ್ಚಿದ ನಾಳದ ಕಡೆಯ ಹೃದಯಭಾಗ ಅಲುಗದಿದ್ದರೆ, ಅಲ್ಲಿನ ಸ್ನಾಯು ಜೀವಂತವಾಗಿದೆಯೇ ಎಂದು ನೋಡಲು ಹೃದಯದ ಎಂಆರ್‌ಐ ಅಥವಾ ಪೆಟ್ ಸ್ಕ್ಯಾನ್ ಬರೆಯಬಹುದು. ಸ್ನಾಯು ಪೂರ್ತಿ ಸತ್ತು ಕಲೆಗಟ್ಟಿದ್ದರೆ ನಾಳ ತೆರೆದೂ ಪ್ರಯೋಜನ ಕಡಿಮೆ: ಬೆಳೆ ಒಣಗಿದ ಮೇಲೆ ನೀರು ಬಿಟ್ಟ ಹಾಗೆ.

ನಾಲ್ಕನೆಯದು: ಮಾತ್ರೆ, ಸ್ಟೆಂಟ್, ಬೈಪಾಸ್

ಮಾತ್ರೆ ಎಲ್ಲರಿಗೂ ಬೇಕು. ಎದೆನೋವೇ ಇಲ್ಲದವರಿಗೆ ಅಷ್ಟೇ ಸಾಕಾಗಬಹುದು. ಮಾತ್ರೆಗೂ ಜಗ್ಗದ ನೋವಿದ್ದರೆ ಸ್ಟೆಂಟ್. ಸಕ್ಕರೆ ಕಾಯಿಲೆಯೊಂದಿಗೆ ಮೂರೂ ನಾಳಗಳಲ್ಲಿ ತೊಂದರೆಯಿದ್ದರೆ ಬೈಪಾಸ್ ಮಾತು ಬರುತ್ತದೆ. ಆಗ ಹೃದ್ರೋಗ ತಜ್ಞರು ಮತ್ತು ಶಸ್ತ್ರಚಿಕಿತ್ಸಕರು ಇಬ್ಬರ ಅಭಿಪ್ರಾಯವನ್ನೂ ಕೇಳಿ.

ಸ್ಟೆಂಟ್ ಎಂದು ನಿಶ್ಚಯವಾದರೆ, ಇದು ಮಾಮೂಲಿ ಆಂಜಿಯೋಪ್ಲಾಸ್ಟಿಯಲ್ಲ. ಹೆಚ್ಚಾಗಿ ಮಣಿಕಟ್ಟು, ತೊಡೆಸಂದು ಹೀಗೆ ಎರಡು ಕಡೆಯಿಂದ ಕೊಳವೆ ತೂರಿಸುತ್ತಾರೆ. ಎರಡೂ ಕಡೆಯಿಂದ ಬಣ್ಣದ ದ್ರವ ಬಿಟ್ಟರೆ ಬ್ಲಾಕ್‌ನ ಆರಂಭವೂ ಕೊನೆಯೂ ಕಾಣುತ್ತವೆ. ಕೂದಲಿನಷ್ಟು ತೆಳ್ಳನೆಯ ತಂತಿಯಿಂದ ದಾರಿ ಹುಡುಕುತ್ತಾರೆ. ಮುಂದಿನಿಂದ ಆಗದಿದ್ದರೆ ಅಕ್ಕಪಕ್ಕದ ನಾಳಗಳಿಂದ ಬೆಳೆದ ಆ ಸಣ್ಣ ಕವಲುಗಳ ಮೂಲಕ ಹಿಂಬದಿಯಿಂದ ಬರುತ್ತಾರೆ. ಈ ಹಿಂಬಾಗಿಲ ವಿದ್ಯೆಯನ್ನು ಪಳಗಿಸಿದವರಲ್ಲಿ ಜಪಾನಿನ ವೈದ್ಯರು ಮುಂದು. ಕೆಲವೊಮ್ಮೆ ಗಂಟೆಗಟ್ಟಲೆ ಹಿಡಿಯುತ್ತದೆ. ನಾಳ ತೂತಾಗಿ ಹೃದಯದ ಸುತ್ತ ರಕ್ತ ತುಂಬುವ ಅಪಾಯ ಮಾಮೂಲಿ ಸ್ಟೆಂಟ್‌ಗಿಂತ ಹೆಚ್ಚು. ಬಣ್ಣದ ದ್ರವ ಮೂತ್ರಪಿಂಡಕ್ಕೆ ಹೊರೆ, ಹಾಗಾಗಿ ಮೊದಲೇ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿರಬೇಕು.

‘ಸಾರ್, ಇಂಥ ಕೇಸು ವರ್ಷಕ್ಕೆ ಎಷ್ಟು ಮಾಡ್ತೀರಿ?’ ಎಂದು ಡಾಕ್ಟರನ್ನು ಕೇಳಲು ಸಂಕೋಚ ಬೇಡ. ಕೈ ಪಳಗಿದ ತಂಡಗಳಲ್ಲಿ ನೂರಕ್ಕೆ 85ರಿಂದ 90 ಸಲ ಯಶಸ್ಸು ಸಿಗುತ್ತದೆ; ಅಪರೂಪಕ್ಕೆ ಮಾಡುವಲ್ಲಿ ಈ ಲೆಕ್ಕ ಹಿಡಿಯದು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡಿದ್ದವರು ತಂತಿ, ಹೆಚ್ಚುವರಿ ಸ್ಟೆಂಟ್‌ಗಳ ಖರ್ಚು ಪ್ಯಾಕೇಜಿನಲ್ಲಿ ಬರುತ್ತದೆಯೇ ಎಂಬುದನ್ನು ದಾಖಲಾಗುವ ಮೊದಲೇ ಆಸ್ಪತ್ರೆಯ ಆರೋಗ್ಯಮಿತ್ರರಲ್ಲಿ ಕೇಳಿಕೊಳ್ಳಲಿ.

ಕೊನೆಯದು: ಮನೆಯಲ್ಲಿ

ಆಸ್ಪಿರಿನ್ ಜೊತೆಗೆ ಕೊಡುವ ಕ್ಲೋಪಿಡೋಗ್ರೆಲ್ ಅಥವಾ ಟಿಕಾಗ್ರೆಲರ್ ಸಾಮಾನ್ಯವಾಗಿ ಒಂದು ವರ್ಷ. ಹಲ್ಲು ಕೀಳಿಸಬೇಕಾಗಿ ಬಂದರೂ ಹೃದ್ರೋಗ ತಜ್ಞರನ್ನು ಕೇಳದೆ ನಿಲ್ಲಿಸಬಾರದು. ಕೊಲೆಸ್ಟರಾಲ್ ಮಾತ್ರೆಯನ್ನು ‘ರಿಪೋರ್ಟು ನಾರ್ಮಲ್ ಬಂತು’ ಎಂದು ಬಿಡುವವರು ಬಹಳ. ನಾರ್ಮಲ್ ಬಂದಿದ್ದೇ ಆ ಮಾತ್ರೆಯಿಂದ. ಬೀಡಿ, ಸಿಗರೇಟು, ಹೊಗೆಸೊಪ್ಪಿನ ಮಾತೇ ಬೇಡ.

ಡಿಸ್ಚಾರ್ಜ್ ಆಗುವಾಗ ಆಂಜಿಯೋಗ್ರಾಂನ ಸಿಡಿ ಕೇಳಿ ಪಡೆಯಿರಿ. ಬರೀ ರಿಪೋರ್ಟ್ ಹಿಡಿದು ಎರಡನೇ ಅಭಿಪ್ರಾಯಕ್ಕೆ ಹೋದರೆ ಇನ್ನೊಬ್ಬ ಡಾಕ್ಟರಿಗೆ ಬ್ಲಾಕ್‌ನ ಉದ್ದವೂ ಕಾಣದು, ಕವಲುಗಳೂ ಕಾಣವು. ಮತ್ತೆ ಆಂಜಿಯೋಗ್ರಾಂ ಮಾಡಿಸಬೇಕಾದೀತು.