ಬೇರೆಯವರ ಮನೆಗೆ ದಾರಿ ಗೊತ್ತಿದ್ದ ಜಿಪಿಎಸ್

ತೆರೆ ಬೆಳಗಿತು, ಮೆನು ಬಂತು, ಬೆರಳಿಟ್ಟ ಕಡೆ ತಕ್ಷಣ ತೆರೆದುಕೊಂಡಿತು. ಅಷ್ಟು ನೋಡಿಯೇ ಬೈಕಿಗೆಂದು ಒಂದು ಹಳೆಯ ಜಿಪಿಎಸ್ ಯಂತ್ರಕ್ಕೆ 8,500 ರೂಪಾಯಿ ಎಣಿಸಿ ಕೊಟ್ಟವನು ನಾನು. ಮಾರಿದವರು ಕೆಲವು ವರ್ಷ ಜರ್ಮನಿಯಲ್ಲಿದ್ದು ಬೆಂಗಳೂರಿಗೆ ಮರಳಿದವರು. ಅವರ ಫ್ಲ್ಯಾಟಿನ ಸೋಫಾದಲ್ಲೇ ವ್ಯಾಪಾರ ಮುಗಿಯಿತು. "ಒಳಗೆ ಸ್ಯಾಟಲೈಟ್ ಸಿಗಲ್ಲ ಸರ್, ಹೊರಗೆ ಹೋದ್ರೆ ತಾನೇ ಹಿಡ್ಕೊಳ್ಳುತ್ತೆ" ಅಂದರು. ಸುಳ್ಳೇನಲ್ಲ. ಹಾಗಾದರೆ ಹೊರಗೇ ಹೋಗಿ ನೋಡೋಣ ಎನ್ನಲು ನನಗೆ ಸಂಕೋಚ. ಕಾಫಿ ಬೇರೆ ಚೆನ್ನಾಗಿತ್ತು.

ಫೋನ್ ಇರುವಾಗ ಇದೇಕೆ ಎಂದು ಮನೆಯಲ್ಲಿ ಕೇಳಿದರು. ಬಿಸಿಲಲ್ಲಿ ಫೋನ್ ಕಾದು ಮಂಕಾಗುತ್ತದೆ, ಮಳೆಯಲ್ಲಿ ಒದ್ದೆ ಗ್ಲೌಸಿಗೆ ಬಗ್ಗುವುದಿಲ್ಲ. ಇದನ್ನೆಲ್ಲ ಸಹಿಸಿಕೊಂಡಿದ್ದೆ. ಆದರೆ ಹ್ಯಾಂಡಲ್ ಮೇಲೆ ಒಂದು ವರ್ಷ ಕೂತ ಮೇಲೆ ಫೋನಿನ ಕ್ಯಾಮೆರಾ ತೆಗೆದ ಚಿತ್ರಗಳೆಲ್ಲ ನಡುಗತೊಡಗಿದವು. ಬೈಕ್ ಎಂಜಿನ್ನಿನ ಕಂಪನ ಕ್ಯಾಮೆರಾ ಕೆಡಿಸಬಹುದೆಂದು 2021ರ ಸೆಪ್ಟೆಂಬರಿನಲ್ಲಿ ಆಪಲ್ ತನ್ನ ಗ್ರಾಹಕರಿಗೆ ಹೇಳಿತ್ತು. ನನ್ನದು ಬೇರೆ ಕಂಪನಿಯ ಫೋನು, ಆದರೆ ರೋಗ ಅದೇ ಇರಬೇಕು.

2022ರ ಡಿಸೆಂಬರಿನ ಒಂದು ಬೆಳಿಗ್ಗೆ ಹೊಸ ಹಳೆಯ ಯಂತ್ರವನ್ನು ತಾರಸಿಗೆ ಒಯ್ದೆ. ಐದು ನಿಮಿಷ, ಹತ್ತು ನಿಮಿಷ, ಏನೂ ಇಲ್ಲ. ಮೋಸಹೋದೆ ಎಂದುಕೊಂಡೆ. ನಿಜ ಸಂಗತಿ ಬೇರೆ. ವರ್ಷಗಟ್ಟಲೆ ಮಲಗಿದ್ದ ಯಂತ್ರದಲ್ಲಿ ಯಾವ ಉಪಗ್ರಹ ಎಲ್ಲಿದೆ ಎಂಬ ಪಟ್ಟಿ ಹಳಸಿರುತ್ತದೆ. ಉಪಗ್ರಹಗಳು 20,200 ಕಿ.ಮೀ. ಮೇಲಿಂದ ಆ ಪಟ್ಟಿಯನ್ನು ಸೆಕೆಂಡಿಗೆ ಬರೀ 50 ಬಿಟ್‌ನಂತೆ ಕಳಿಸುತ್ತವೆ. ಪೂರ್ತಿ ಇಳಿಯಲು ಹನ್ನೆರಡೂವರೆ ನಿಮಿಷ ಬೇಕು. ಕಾಲು ಗಂಟೆಯ ಹೊತ್ತಿಗೆ ಬಾಣದ ಗುರುತು ಬಂತು. ಜಾಗ ಸರಿಯಾಗಿತ್ತು, ದಿನಾಂಕ ಮಾತ್ರ 2003ರ ಮೇ! ಜಿಪಿಎಸ್ ವಾರಗಳ ಎಣಿಕೆ 1,024ಕ್ಕೆ ಬಂದು ಮತ್ತೆ ಸೊನ್ನೆಗೆ ಹೊರಳುತ್ತದೆ. 2019ರ ಏಪ್ರಿಲ್‌ನಲ್ಲಿ ಹಾಗೆ ಹೊರಳಿದ್ದು ಈ ಮಹಾಶಯನಿಗೆ ಗೊತ್ತೇ ಇರಲಿಲ್ಲ. ಸಾಫ್ಟ್‌ವೇರ್ ಹೊಸದು ಹಾಕಿದ ಮೇಲೆ ಆ ತೊಂದರೆ ಹೋಯಿತು.

ನಕ್ಷೆಯ ವಿಷಯಕ್ಕೆ ಬಂದರೆ, ಅದರೊಳಗೆ ಇದ್ದದ್ದು ಪಶ್ಚಿಮ ಯುರೋಪ್ ಮಾತ್ರ. ಬೆಂಗಳೂರಿದ್ದ ಕಡೆ ಖಾಲಿ ಬಯಲು, ನಡುವೆ ಒಂದೆರಡು ಹೆದ್ದಾರಿಯ ಗೆರೆ. 'ಮನೆಗೆ ಹೋಗು' ಎಂಬುದನ್ನು ಒತ್ತಿದೆ. ಸ್ಟುಟ್‌ಗಾರ್ಟ್‌ನ ಒಂದು ಬೀದಿ ಬಂತು, ಮನೆ ನಂಬರ್ ಸಮೇತ. ಕೆಳಗೆ ಬೇಕರಿ, ಪೆಟ್ರೋಲ್ ಬಂಕ್, ಮಗುವಿನ ಶಾಲೆ. ಪುಣ್ಯಾತ್ಮರು ಒಂದನ್ನೂ ಅಳಿಸಿರಲಿಲ್ಲ. ಬೇರೆಯವರ ಡೈರಿ ಓದಿದ ಹಾಗಾಗಿ ಎಲ್ಲ ಅಳಿಸಿದೆ. ಮಾರುವವರು ದಯವಿಟ್ಟು ಇಷ್ಟು ಮಾಡಿ ಕೊಡಿ.

ಭಾರತದ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್‌ನಿಂದ ಪುಕ್ಕಟೆ ಸಿಕ್ಕಿತು. ಹಾಕುವುದಕ್ಕೆ ಒಂದು ಭಾನುವಾರ ಹೋಯಿತು.

ನಿಜವಾದ ಕಾಟ ಶುರುವಾದದ್ದು ತೊಟ್ಟಿಲಿನಿಂದ. ಯಂತ್ರವನ್ನು ಹ್ಯಾಂಡಲ್‌ಗೆ ಹಿಡಿದು ಕೂರಿಸುವ, ಬೈಕಿನ 12 ವೋಲ್ಟ್ ಕರೆಂಟನ್ನು ಇಳಿಸಿ ಕೊಡುವ ಕ್ರೇಡಲ್ ಅದು. ಅದರ ಪಿನ್ನುಗಳಿಗೆ ಹಸಿರು ಕಿಲುಬು ಹಿಡಿದಿತ್ತು. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿಯುವಾಗ ಗುಂಡಿ ಸಿಕ್ಕಾಗಲೆಲ್ಲ ಕರೆಂಟ್ ಹೋಗಿ ಬಂದು, ಹೋಗಿ ಬಂದು, ಕೊನೆಗೆ ಯಂತ್ರ ಆರಿಯೇಹೋಯಿತು. ಒಳಗಿನ ಬ್ಯಾಟರಿ ಆಸರೆಯಾಗಬೇಕಿತ್ತು. ಅದು ಉಬ್ಬಿ ಹಪ್ಪಳವಾಗಿತ್ತು. ಎಸ್.ಪಿ. ರೋಡಿನ ಅಂಗಡಿಯಲ್ಲಿ ಅದೇ ಅಳತೆಯ ಬ್ಯಾಟರಿ ತಂದು ನಾನೇ ಬಿಚ್ಚಿ ಹಾಕಿದೆ. ದೊಡ್ಡ ಕೆಲಸ ಮಾಡಿದೆನೆಂಬ ಜಂಬ ಆಗುಂಬೆಯವರೆಗೆ ಇತ್ತು. ಬಿಚ್ಚುವಾಗ ರಬ್ಬರ್ ಅಂಚು ಸ್ವಲ್ಪ ಹರಿದಿರಬೇಕು, ಗಾಜಿನೊಳಗೆ ಮಂಜು ಕಟ್ಟಿತು. ಮೂರು ದಿನ ಅಕ್ಕಿ ಡಬ್ಬದಲ್ಲಿ ಇಟ್ಟು, ಅಂಚಿಗೆ ಸಿಲಿಕೋನ್ ಬಳಿದೆ. ಹೊಸ ಕ್ರೇಡಲ್‌ಗೆ ಕೊಟ್ಟ ದುಡ್ಡು ಯಂತ್ರದ ಬೆಲೆಯ ಅರ್ಧಕ್ಕಿಂತ ಹೆಚ್ಚು. ಕೊಳ್ಳುವವರು ಮೊದಲು ಕ್ರೇಡಲ್ ನೋಡಿ, ಆಮೇಲೆ ಬ್ಯಾಟರಿ ನೋಡಿ, ತೆರೆಯನ್ನು ಕೊನೆಗೆ ನೋಡಿದರೆ ಸಾಕು. ನಾನು ತಲೆಕೆಳಗಾಗಿ ನೋಡಿದ್ದೆ.

ದಾರಿಯನ್ನು ಅದು ಚೆನ್ನಾಗಿಯೇ ಹೇಳುತ್ತದೆ, ಕಾನೂನು ಅದಕ್ಕೆ ತಿಳಿಯದು. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ ಬೈಕುಗಳನ್ನು ಬಿಡುವುದಿಲ್ಲ. ನನ್ನ ಯಂತ್ರ ಮಾತ್ರ ಅತ್ತಲೇ ಕೈ ತೋರಿಸುತ್ತಿತ್ತು. ಬೋರ್ಡ್ ಓದಿ ಸರ್ವೀಸ್ ರಸ್ತೆಗೆ ಇಳಿದೆ. ಬಂಡೀಪುರದ ಗೇಟು ರಾತ್ರಿ 9ಕ್ಕೆ ಮುಚ್ಚುವುದೂ ಅದಕ್ಕೆ ಗೊತ್ತಿಲ್ಲ.

2025ರ ಕೊನೆಗೆ ಸಿಗಂದೂರಿಗೆ ಹೋದೆ. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಅದೇ ವರ್ಷದ ಜುಲೈನಲ್ಲಿ ತೆರೆದಿತ್ತು. ಮೊದಲು ಲಾಂಚ್‌ಗೆ ಸಾಲು ನಿಲ್ಲುತ್ತಿದ್ದ ಜಾಗದಲ್ಲಿ ಈಗ ನೇರ ಗಾಡಿ ಓಡಿಸಿದೆ. ಎರಡು ವರ್ಷದಿಂದ ನಕ್ಷೆ ಬದಲಿಸಿರಲಿಲ್ಲ. ತೆರೆಯ ಮೇಲೆ ನನ್ನ ಬಾಣ ಶರಾವತಿ ಹಿನ್ನೀರಿನ ನೀಲಿಯ ನಡುವೆ ತೇಲುತ್ತಿತ್ತು, ಯಂತ್ರ ಹಿಂದಕ್ಕೆ ತಿರುಗು ಎಂದು ಗೋಗರೆಯುತ್ತಿತ್ತು.

ಊರಿಗೆ ಬಂದು ನಕ್ಷೆ ಬದಲಿಸಿದ್ದೇನೆ. ಬ್ಯಾಟರಿ ಮತ್ತೆ ಉಬ್ಬಿದ ಹಾಗಿದೆ, ಭಾನುವಾರ ಬಿಚ್ಚಬೇಕು.